ಸಿಬ್ಬಂದಿಯನ್ನು ನಂಬಿ ಸಂಸ್ಥೆ ಕಟ್ಟಿದ ಟಿ. ಎ. ಪೈಗಳು

ನಮ್ಮ ಸಂಘದ ರಜತ ಮಹೋತ್ಸವದ ಈ ಸಂಚಿಕೆಗೆ ಹಿರಿಯರೊಬ್ಬರ ಜೀವನ ಚರಿತ್ರೆ ಬರೆದು ಕೊಡಬೇಕೆಂದು ಸಂಪಾದಕ ಸಮಿತಿಯವರು ನಮಗೆ ಹೇಳಿದರು. ನಮ್ಮ ಜಿಲ್ಲೆಯ ಸಹಕಾರ ಸಂಘಗಳ ಸ್ಮರಣ ಸಂಚಿಕೆ ಎಂದರೆ ಅದರಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರ ಚಿತ್ರ ಮತ್ತು ಚರಿತ್ರೆ ಇದ್ದೇ ಇರುತ್ತದೆ. ಇರಬೇಕಾದ್ದೇ. ಜಿಲ್ಲೆಯ ಸಹಕಾರಿ ಪಿತಾಮಹರು ಅವರು, ಅವರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಆದರೆ ಈ ಸಂಚಿಕೆಯಲ್ಲಿ ಅವರ ಬಗ್ಗೆ ಬರೆಯಲು ನಮಗಿಂತ ತಿಳಿದವರು ಇದ್ದಾರೆ. ಆದ್ದರಿಂದ ನಾವು ಸ್ವಲ್ಪ ಬದಿಗೆ ಸರಿದು, ಸಹಕಾರ ಕ್ಷೇತ್ರದವರಲ್ಲದ, ಬ್ಯಾಂಕಿನವರಾದ ಒಬ್ಬರನ್ನು ಆರಿಸಿಕೊಂಡೆವು. ಅವರೇ ತೋನ್ಸೆ ಅನಂತ ಪೈಗಳು. ಊರಿನವರ ಬಾಯಲ್ಲಿ ಟಿ. ಎ. ಪೈ.

ಇವರನ್ನೇ ಯಾಕೆ ಎಂದು ಕೇಳಿದರೆ ಅದಕ್ಕೊಂದು ಕಾರಣ ಉಂಟು. ನಮ್ಮ ಸಂಘದ ವಾರ್ಷಿಕ ವರದಿಯಲ್ಲಿ ಠೇವಣಿ ಎಷ್ಟು, ಸಾಲ ಎಷ್ಟು, ಸುಸ್ತಿ ಎಷ್ಟು, ಡಿವಿಡೆಂಡ್ ಶೇಕಡಾ ಎಷ್ಟು ಎಂದು ನಾಲ್ಕಾರು ಪುಟ ಬರುತ್ತದೆ. ಕೊನೆಯ ಪುಟದಲ್ಲಿ ಸಿಬ್ಬಂದಿ ವರ್ಗಕ್ಕೆ ಧನ್ಯವಾದ ಎಂದು ಒಂದು ಸಾಲು. ಇಪ್ಪತ್ತೈದು ವರ್ಷವೂ ಅದೇ ಸಾಲು. ಕೌಂಟರಿನ ಆಚೆ ಕೂತವರು, ಗೋಡೌನಿನಲ್ಲಿ ಗೊಬ್ಬರದ ಚೀಲ ಎಣಿಸುವವರು, ಮಳೆಗಾಲದಲ್ಲಿ ಪಿಗ್ಮಿಗೆ ಮನೆ ಮನೆ ತಿರುಗುವವರು, ಇವರೆಲ್ಲ ಸರಿ ಇದ್ದರೆ ಮಾತ್ರ ಸಂಘ ಸರಿ. ಈ ಮಾತನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ನಮ್ಮ ಹತ್ತಿರದವರೇ ಆದ ಪೈಗಳು.

ಟಿ. ಎ. ಪೈಯವರು ಹುಟ್ಟಿದ್ದು 1922ರ ಜನವರಿ 17ರಂದು. ಆಗ ನಮ್ಮದು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ, ಉಡುಪಿ ಇನ್ನೂ ತಾಲೂಕು. ತಂದೆ ಉಪೇಂದ್ರ ಪೈಗಳು. ಚಿಕ್ಕಪ್ಪ ಡಾ. ಟಿ. ಎಂ. ಎ. ಪೈಗಳು, ಮಣಿಪಾಲದ ಬೋಳುಗುಡ್ಡೆಯಲ್ಲಿ ಊರು ಕಟ್ಟಿದವರು. ಹುಡುಗ ಮೂರು ವರ್ಷದವನಿರುವಾಗ, 1925ರ ನವೆಂಬರ್ 10ರಂದು, ಈ ಅಣ್ಣ ತಮ್ಮಂದಿರು ಮತ್ತು ವಾಮನ ಕುಡ್ವರು ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಬ್ಯಾಂಕು ತೆರೆದರು. ಬಂಡವಾಳ ಎಂಟು ಸಾವಿರ ರೂಪಾಯಿ. ಕೆಲಸದವರು ಒಬ್ಬರೇ. ಆ ಹೊತ್ತಿಗೆ ಕರಾವಳಿಯ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು, ಅವರಿಗೆ ಏನಾದರೂ ದಾರಿ ಆಗಬೇಕು ಎಂಬುದೇ ಬ್ಯಾಂಕಿನ ಮೂಲ ಉದ್ದೇಶವಾಗಿತ್ತು.

ಮೂರು ವರ್ಷ ಕಳೆದು 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ಇವತ್ತು ನಮ್ಮ ಸಂಘದಲ್ಲಿಯೂ ಉಂಟಲ್ಲ, ಅದೇ ಪಿಗ್ಮಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಕಡೆಯವರು ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಲೆಕ್ಕ ಹಾಕಿದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಬೀಡಿ ಕಟ್ಟುವವರು, ಮೀನು ಮಾರುವವರು, ಗೂಡಂಗಡಿಯವರು ಬ್ಯಾಂಕಿನ ಮೆಟ್ಟಿಲು ಹತ್ತದೆಯೇ ಉಳಿತಾಯ ಮಾಡುವಂತಾಯಿತು. ಈ ಯೋಜನೆಯ ಹೊಗಳಿಕೆ ಎಲ್ಲರೂ ಮಾಡುತ್ತಾರೆ. ಆದರೆ ಅದು ನಿಂತದ್ದು ಯಾವುದರ ಮೇಲೆ? ಚೀಲ ಹಿಡಿದು ಬಾಗಿಲಿಗೆ ಬರುವ ಆ ಮನುಷ್ಯನ ಮೇಲೆ. ಅವನು ನಂಬಿಗಸ್ತನಾದರೆ ಬ್ಯಾಂಕು ನಂಬಿಗಸ್ತ. ಈ ಮಾತು ನೆನಪಿಡಿ, ಕೊನೆಗೆ ಇದೇ ವಿಷಯಕ್ಕೆ ಬರಲಿಕ್ಕುಂಟು.

ಅನಂತ ಪೈಗಳು ಬೊಂಬಾಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಬಿ.ಕಾಂ. ಕಲಿತರು. 1943ರಲ್ಲಿ ಬ್ಯಾಂಕಿಗೆ ಸೇರಿದರು, ಮರುವರ್ಷವೇ ಜನರಲ್ ಮ್ಯಾನೇಜರ್ ಆದರು. ವಯಸ್ಸು ಇಪ್ಪತ್ತೆರಡು. ಮನೆಯವರದ್ದೇ ಬ್ಯಾಂಕು, ಆಗದೆ ಏನು ಎಂದು ಯಾರಾದರೂ ಹೇಳಬಹುದು. ಅದು ಸುಳ್ಳಲ್ಲ. ಆದರೆ ಕುರ್ಚಿ ಸಿಕ್ಕಿದ ಮೇಲೆ ಅವರು ಅದರಲ್ಲಿ ಎಂತ ಮಾಡಿದರು ಎಂಬುದನ್ನು ನೋಡಬೇಕು. ತನಗೆ ಇಪ್ಪತ್ತೆರಡಕ್ಕೆ ಸಿಕ್ಕಿದ ಅವಕಾಶವನ್ನು ಊರಿನ ಇತರ ಹುಡುಗರಿಗೂ ಕೊಡಲು ಅವರು ಹಿಂಜರಿಯಲಿಲ್ಲ, ನಮಗೆ ದೊಡ್ಡದಾಗಿ ಕಾಣುವುದು ಅದು.

ಆ ಕಾಲದಲ್ಲಿ ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ ಇದ್ದ ದಾರಿ ಎರಡೇ. ಒಂದು ಬೊಂಬಾಯಿಯ ಹೋಟೆಲು, ಇನ್ನೊಂದು ಶಾಲೆ ಮಾಸ್ತರಿಕೆ. ಮೂರನೆಯ ದಾರಿ ತೆರೆದದ್ದು ನಮ್ಮ ಜಿಲ್ಲೆಯ ಬ್ಯಾಂಕುಗಳು. 1906ರ ಕೆನರಾ ಬ್ಯಾಂಕು ಮತ್ತು ಕಾರ್ಪೊರೇಷನ್ ಬ್ಯಾಂಕು, 1924ರ ಕರ್ಣಾಟಕ ಬ್ಯಾಂಕು, 1925ರ ಸಿಂಡಿಕೇಟು, 1931ರ ವಿಜಯಾ ಬ್ಯಾಂಕು. ಮಂಗಳೂರು ಉಡುಪಿಯ ಹುಡುಗರು ಈ ಬ್ಯಾಂಕುಗಳ ಕೆಲಸ ಹಿಡಿದು ದೇಶವೆಲ್ಲ ಹೋದರು. ಸಿಂಡಿಕೇಟ್ ಬ್ಯಾಂಕು ಹಳ್ಳಿ ಹಳ್ಳಿಗೆ ಶಾಖೆ ತೆರೆಯುತ್ತಾ ಹೋದಾಗ ಹೊರಗಿನಿಂದ ದೊಡ್ಡ ಡಿಗ್ರಿಯವರನ್ನು ತರುವ ಬದಲು ಊರಿನ ಯುವಕರನ್ನು ತೆಗೆದುಕೊಂಡು, ಕಲಿಸಿ, ಜವಾಬ್ದಾರಿ ಹೊರಿಸಿತು. ಮಣಿಪಾಲದಲ್ಲಿಯೇ ಸಿಬ್ಬಂದಿ ತರಬೇತಿ ಕಾಲೇಜು ನಡೆಯಿತು. ಗುಮಾಸ್ತನಾಗಿ ಸೇರಿದವನು ಶಾಖೆಯ ಏಜೆಂಟನಾಗಿ, ಅಂದರೆ ಇಂದಿನ ಮ್ಯಾನೇಜರಾಗಿ, ಮೇಲಕ್ಕೆ ಹೋಗುವ ದಾರಿ ಇತ್ತು. ಮೇಲೆ ಏಣಿ ಕಾಣದಿದ್ದರೆ ಯಾರು ತಾನೇ ಉತ್ಸಾಹದಿಂದ ಕೆಲಸ ಮಾಡುತ್ತಾರೆ? ನಮ್ಮಲ್ಲಿ ಅಟೆಂಡರಾಗಿ ಸೇರಿದವರು ಹದಿನೆಂಟು ವರ್ಷ ಅಟೆಂಡರಾಗಿಯೇ ಇರುವ ಸಂಘಗಳು ಎಷ್ಟು ಇಲ್ಲ!

ಇಲ್ಲಿ ಒಂದು ಸಂಗತಿ ಹೇಳಬೇಕು. ಯಾವ ಊರು, ಯಾವ ಸಂಘ ಎಂದು ಬೇಡ. ಸದಸ್ಯರೊಬ್ಬರು ಕೌಂಟರಿನಲ್ಲಿ ಜೋರು ಮಾಡಿದರು, ಗುಮಾಸ್ತೆ ಹುಡುಗಿ ನಿಯಮ ಹೇಳಿದಳು. ಅಷ್ಟರಲ್ಲಿ ಒಳಗೆ ಬಂದ ನಿರ್ದೇಶಕರು ವಿಷಯ ಕೇಳದೆ ಹತ್ತು ಜನರ ಎದುರು ಹುಡುಗಿಯನ್ನೇ ಗದರಿಸಿದರು. ಸದಸ್ಯರಿಗೆ ಖುಷಿಯಾಯಿತು, ನಿರ್ದೇಶಕರ ಓಟು ಗಟ್ಟಿಯಾಯಿತು. ಆರು ತಿಂಗಳಲ್ಲಿ ಹುಡುಗಿ ಮಂಗಳೂರು ಪೇಟೆಯ ಒಂದು ಫೈನಾನ್ಸಿಗೆ ಕೆಲಸಕ್ಕೆ ಹೋದಳು. ಆಕೆ ಕಲಿತ ಕಂಪ್ಯೂಟರ್ ಲೆಕ್ಕ, ಆಕೆಗೆ ಗೊತ್ತಿದ್ದ ಸದಸ್ಯರ ಮುಖ ಪರಿಚಯ, ಎಲ್ಲ ಅವಳೊಟ್ಟಿಗೇ ಹೋಯಿತು. ಹಂಪನಕಟ್ಟೆ ನಮ್ಮಿಂದ ಬಸ್ಸಿನ ದೂರದಲ್ಲಿ ಇರುವಾಗ ಸಿಬ್ಬಂದಿಯನ್ನು ಹಿಡಿದಿಡುವುದು ಸಂಬಳದಿಂದ ಮಾತ್ರ ಆಗುವ ಕೆಲಸವಲ್ಲ.

ಪೈಗಳ ಕಾಲದಲ್ಲಿ ಬ್ಯಾಂಕು ಬೆಳೆದದ್ದು ಹೊಸ ಶಾಖೆಗಳಿಂದ ಮಾತ್ರ ಅಲ್ಲ. 1953ರಿಂದ 1964ರ ಒಳಗೆ ಸುಮಾರು ಇಪ್ಪತ್ತು ಸಣ್ಣ ಬ್ಯಾಂಕುಗಳು ಅದರಲ್ಲಿ ಸೇರಿಹೋದವು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ ಸಣ್ಣ ಬ್ಯಾಂಕುಗಳನ್ನು ದೊಡ್ಡದಕ್ಕೆ ಸೇರಿಸಲು ಸರಕಾರ ಕಾನೂನು ಬಿಗಿ ಮಾಡಿತು. ಹಾಗೆ ಸೇರಿಸುವಾಗ ಹಳೆ ನೌಕರರನ್ನು ಮುಂದುವರಿಸಿ, ಮೂರು ವರ್ಷದ ಒಳಗೆ ಅವರಿಗೆ ದೊಡ್ಡ ಬ್ಯಾಂಕಿನ ಸಮಾನ ದರ್ಜೆಯವರ ಸಂಬಳ ಕೊಡಲು ಆ ಕಾನೂನಿನಲ್ಲಿಯೇ ದಾರಿ ಇಟ್ಟಿದ್ದರು. ಕಾಗದದಲ್ಲಿ ಇದು ಸುಲಭ. ಆದರೆ ತನ್ನ ಬ್ಯಾಂಕು ಮುಚ್ಚಿತು ಎಂದು ತಲೆ ತಗ್ಗಿಸಿ ಬಂದವನನ್ನು ಇಲ್ಲಿನವರು ಹೊರಗಿನವನು ಎಂದು ನೋಡದ ಹಾಗೆ ಮಾಡಬೇಕಲ್ಲ, ಅದು ಆಡಳಿತ ನಡೆಸುವವರ ಕೆಲಸ. ಒಂದು ಸಂಸಾರಕ್ಕೆ ಇಪ್ಪತ್ತು ಮನೆಯ ಸೊಸೆಯಂದಿರು ಬಂದ ಹಾಗೆ. ಎರಡು ಸಂಘ ಒಂದಾಗುವ ಮಾತು ಬಂದಾಗ ನಾವು ಆಸ್ತಿ ಮತ್ತು ಸುಸ್ತಿ ಲೆಕ್ಕ ಮಾತ್ರ ಹಾಕುತ್ತೇವೆ, ಜನರ ಲೆಕ್ಕ ಹಾಕುವುದಿಲ್ಲ.

1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಸಿಂಡಿಕೇಟಿನ ಒಂದು ಶಾಖೆ ಪೂರ್ತಿ ಹೆಂಗಸರ ಕೈಯಲ್ಲಿಯೇ ನಡೆಯಲು ಶುರುವಾಯಿತು. ಮ್ಯಾನೇಜರಿಂದ ಹಿಡಿದು ಕೆಳಗಿನವರೆಗೆ ಎಲ್ಲರೂ ಮಹಿಳೆಯರೇ. ಹಣದ ಲೆಕ್ಕ ಹೆಂಗಸರಿಂದ ಆಗುತ್ತದಾ ಎಂದು ಕೇಳುತ್ತಿದ್ದ ಕಾಲ ಅದು. ಹಾಗೆ ಕೇಳುವವರ ಮನೆಯಲ್ಲಿ ಅಕ್ಕಿ ಡಬ್ಬದ ಅಡಿಯಲ್ಲಿ ಹಣ ಇಟ್ಟು ಸಂಸಾರ ದಾಟಿಸುತ್ತಿದ್ದದ್ದು ಹೆಂಗಸರೇ, ಅದು ಬೇರೆ ವಿಷಯ.

ಕೃಷಿಕರಾದ ನಮಗೆ ಮೆಚ್ಚಿಗೆಯಾಗುವ ಇನ್ನೊಂದು ಕೆಲಸ ಉಂಟು. ಬ್ಯಾಂಕುಗಳು ವ್ಯಾಪಾರಿಗಳಿಗೆ ಮಾತ್ರ ಸಾಲ ಕೊಡುತ್ತಿದ್ದ ದಿನಗಳಲ್ಲಿ, ರಾಷ್ಟ್ರೀಕರಣಕ್ಕೆ ಮೊದಲೇ, ಪೈಗಳು ಬಾವಿಗೆ, ಪಂಪ್‌ಸೆಟ್ಟಿಗೆ, ತೋಟಕ್ಕೆ ಸಾಲ ಕೊಡುವ ಕಡೆ ಬ್ಯಾಂಕನ್ನು ತಿರುಗಿಸಿದರು. 1966ರಲ್ಲಿ ಸಿಂಡಿಕೇಟ್ ಕೃಷಿ ಪ್ರತಿಷ್ಠಾನ ಹುಟ್ಟಿತು. ಕೃಷಿ ಪದವಿ ಪಡೆದವರನ್ನು ಬ್ಯಾಂಕಿನ ಕೆಲಸಕ್ಕೆ ತೆಗೆದುಕೊಂಡರು. ಇದರ ಬೆಲೆ ನಮಗೆ ಗೊತ್ತು. ಅಡಿಕೆ ಕೊಳೆರೋಗ ಎಂದರೆ ಏನು, ಗದ್ದೆಗೆ ನೀರು ಯಾವಾಗ ಬೇಕು, ಫಸಲು ಕೈಗೆ ಬರುವುದು ಯಾವ ತಿಂಗಳು, ಇದು ತಿಳಿದವನು ಸಾಲದ ಕಂತು ಇಡುವಾಗಲೇ ಸರಿಯಾಗಿ ಇಡುತ್ತಾನೆ. ತಿಳಿಯದವನನ್ನು ಆ ಮೇಜಿನಲ್ಲಿ ಕೂರಿಸಿ ವಸೂಲಿ ಆಗಲಿಲ್ಲ ಎಂದು ಬೈದರೆ ಪ್ರಯೋಜನ ಇಲ್ಲ. ನೌಕರನಿಗೆ ಬೆಂಬಲ ಕೊಡುವುದು ಎಂದರೆ ಬೆನ್ನು ತಟ್ಟುವುದು ಮಾತ್ರ ಅಲ್ಲ, ಆಯಾ ಕೆಲಸಕ್ಕೆ ತಕ್ಕವನನ್ನು ಹುಡುಕಿ ಅವನಿಗೆ ಬೇಕಾದ ಸಲಕರಣೆ ಕೊಡುವುದೂ ಹೌದು.

1964ರಲ್ಲಿ ಬ್ಯಾಂಕು ಸಿಂಡಿಕೇಟ್ ಬ್ಯಾಂಕ್ ಎಂಬ ಹೊಸ ಹೆಸರಿನೊಂದಿಗೆ ಪ್ರಧಾನ ಕಚೇರಿಯನ್ನು ಉಡುಪಿಯಿಂದ ಮಣಿಪಾಲಕ್ಕೆ ತಂದಿತು. ಬೊಂಬಾಯಿಗೋ ಬೆಂಗಳೂರಿಗೋ ಹೋಗಲಿಲ್ಲ, ಪಕ್ಕದ ಗುಡ್ಡಕ್ಕೆ ಹೋಯಿತು. 1969ರ ಜುಲೈ 19ರಂದು ಇಂದಿರಾ ಗಾಂಧಿಯವರು ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಅದರಲ್ಲಿ ಇದೂ ಒಂದು. ಮನೆಯವರು ಕಟ್ಟಿದ ಬ್ಯಾಂಕು ಕೈ ಬಿಟ್ಟು ಹೋಯಿತು ಎಂದು ಅನೇಕ ಮಾಲೀಕರು ಸಿಟ್ಟಾದರು. ಪೈಗಳು ರಾಷ್ಟ್ರೀಕರಣವನ್ನು ಬೆಂಬಲಿಸಿದರು, ಸರಕಾರ ಅವರನ್ನೇ ಬ್ಯಾಂಕಿನ ಮೊದಲ ಕಸ್ಟೋಡಿಯನ್ ಮಾಡಿತು. ಶುಕ್ರವಾರ ಇದ್ದ ಸಿಬ್ಬಂದಿಯೇ ಸೋಮವಾರವೂ ಅದೇ ಮೇಜಿನಲ್ಲಿ ಇದ್ದರು, ಮೇಲೆ ಇದ್ದವರೂ ಅವರೇ.

ಅದಕ್ಕೆ ಮೊದಲೇ, 1965ರಲ್ಲಿ ಭಾರತ ಆಹಾರ ನಿಗಮ ಶುರುವಾದಾಗ ಅದರ ಮೊದಲ ಅಧ್ಯಕ್ಷರಾಗಿ ಇವರನ್ನು ಕರೆದಿದ್ದರು. 1970ರಲ್ಲಿ ಜೀವ ವಿಮಾ ನಿಗಮದ ಅಧ್ಯಕ್ಷರಾದರು. 1972ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಕೇಂದ್ರದ ರೈಲ್ವೆ ಮಂತ್ರಿ. 1973ರಿಂದ ಭಾರೀ ಕೈಗಾರಿಕೆ, ಮುಂದೆ ಕೈಗಾರಿಕೆ ಖಾತೆ. ಈ ಪಟ್ಟಿ ಉದ್ದ ಉಂಟು, ಓದುಗರಿಗೆ ಬೇಸರ ಬರುವುದು ಬೇಡ. ಆದರೆ ಮಂತ್ರಿಯಾಗಿದ್ದಾಗ ನಡೆದ ಒಂದು ಪ್ರಕರಣವನ್ನು ಬಿಡುವ ಹಾಗಿಲ್ಲ. ಬ್ಯಾಂಕಿನಲ್ಲಿ ಅವರು ಗೆದ್ದದ್ದೆಲ್ಲ ಒಂದು ಕಡೆ, ಇದು ಇನ್ನೊಂದು ಕಡೆ.

ಸಂಜಯ ಗಾಂಧಿಯವರ ಮಾರುತಿ ಕಾರು ಕಂಪೆನಿಗೆ ಲೈಸೆನ್ಸು ಕೊಡುವಾಗ ವಿದೇಶಿ ಯಂತ್ರ ತರಿಸಬಾರದು ಎಂಬ ಷರತ್ತು ಇತ್ತು. ಆ ಷರತ್ತು ಪಾಲನೆಯಾಗಿದೆಯೇ ಎಂದು 1975ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಲೋಕಸಭೆಗೆ ಉತ್ತರ ಕೊಡಬೇಕಾದ್ದು ಪೈಗಳ ಮಂತ್ರಾಲಯ. ಉತ್ತರ ಬರೆಯಬೇಕಾದರೆ ಮಾಹಿತಿ ಬೇಕು. ಮಂತ್ರಾಲಯದ ಇಬ್ಬರು ಮತ್ತು ಸರಕಾರಿ ವ್ಯಾಪಾರ ಸಂಸ್ಥೆಗಳ ಇಬ್ಬರು, ಒಟ್ಟು ನಾಲ್ಕು ಅಧಿಕಾರಿಗಳು ಮಾಹಿತಿ ಕೂಡಿಸುವ ಕೆಲಸಕ್ಕೆ ಹೊರಟರು. ಅಷ್ಟೇ ಅವರ ತಪ್ಪು. ಸಿಬಿಐ ಅವರ ಮೇಲೆ ಬಿತ್ತು, ಮನೆಗಳ ಶೋಧ ಆಯಿತು, ಕೇಸು ಹಾಕಿದರು. ಮಂತ್ರಿ ಹೇಳಿದ ಕೆಲಸ ಮಾಡಿದವರಿಗೆ ಈ ಗತಿ, ಮೇಲಿದ್ದ ಮಂತ್ರಿಗೆ ಅದನ್ನು ತಡೆಯಲಿಕ್ಕೆ ಆಗಲಿಲ್ಲ.

ತುರ್ತು ಪರಿಸ್ಥಿತಿ ಮುಗಿದು 1977ರಲ್ಲಿ ಶಾ ಆಯೋಗ ಕುಳಿತಾಗ ಪೈಗಳು ಅದರ ಮುಂದೆ ಹೋಗಿ ಸಾಕ್ಷಿ ಹೇಳಿದರು. ಅಧಿಕಾರಿಗಳು ಮಾಡಿದ್ದು ತಮ್ಮ ಕರ್ತವ್ಯ ಎಂದೂ, ಅವರ ಮೇಲೆ ಕ್ರಮ ಆದದ್ದು ಪ್ರಧಾನಿಯ ಸಿಟ್ಟಿನಿಂದ ಎಂದೂ ಬಿಚ್ಚಿ ಹೇಳಿದರು. ಅದೇ ವರ್ಷ ಅದೇ ಕಾಂಗ್ರೆಸಿನಿಂದ ಉಡುಪಿಯಲ್ಲಿ ಗೆದ್ದು ಲೋಕಸಭೆಗೆ ಹೋದವರು ಅವರು. ಆ ನಾಲ್ವರ ಮೇಲೆ ನಡೆದದ್ದು ಅಧಿಕಾರದ ದುರುಪಯೋಗ ಎಂದು ಆಯೋಗ ಬರೆಯಿತು.

ಈ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ತನ್ನ ಕೆಳಗಿನವರ ಮನೆಗೆ ಪೊಲೀಸರು ಹೋದ ದಿನವೇ ಮಂತ್ರಿಗಿರಿ ಬಿಸಾಡಿ ಬರಬೇಕಿತ್ತು ಎಂಬುದು ಒಂದು. ನಮ್ಮ ಒಲವು ಸ್ವಲ್ಪ ಆ ಕಡೆಯೇ. ಎರಡು ವರ್ಷ ತಡವಾಗಿ ಬಂದ ಮಾತಿನಿಂದ ಆ ಮನೆಯವರು ಅನುಭವಿಸಿದ್ದು ವಾಪಸು ಬರುವುದಿಲ್ಲ. ಆದರೆ ಬಾಯಿ ಮುಚ್ಚಿ ಕೂತವರು ಎಷ್ಟೋ ಮಂದಿ ಇದ್ದಾಗ ಪೈಗಳು ಕೂರಲಿಲ್ಲ, ತನ್ನ ಪಕ್ಷದ ನಾಯಕಿಯ ಹೆಸರು ಹೇಳಿ ತನ್ನ ಅಧಿಕಾರಿಗಳ ಪರ ನಿಂತರು, ಅದನ್ನೂ ತಕ್ಕಡಿಯಲ್ಲಿ ಇಡಬೇಕು.

ದೆಹಲಿಯ ಕಥೆ ನಮಗೆ ಯಾಕೆ ಎಂದು ಕೇಳಬೇಡಿ. ಸಣ್ಣ ಪ್ರಮಾಣದಲ್ಲಿ ಇದೇ ಕಥೆ ಪ್ರತಿ ಸಂಘದಲ್ಲಿಯೂ ಉಂಟು. ಆಧಾರ ಸರಿಯಿಲ್ಲದ ಸಾಲದ ಅರ್ಜಿ ಬರುತ್ತದೆ. ಅರ್ಜಿ ಹಾಕಿದವರು ನಿರ್ದೇಶಕರ ಬಳಗದವರು. ಕಾರ್ಯದರ್ಶಿ ಆಗುವುದಿಲ್ಲ ಎಂದು ಬರೆದರೆ ಅವರ ಬಗ್ಗೆ ಮರುದಿನವೇ ದೂರು ಹುಟ್ಟುತ್ತದೆ. ಬರೆಯದೆ ಸಾಲ ಕೊಟ್ಟರೆ ಮೂರು ವರ್ಷ ಕಳೆದು ಆಡಿಟಿನಲ್ಲಿ ಸಿಕ್ಕಿ ಬೀಳುವುದೂ ಅವರೇ. ನಿರ್ದೇಶಕರ ಅವಧಿ ಐದು ವರ್ಷ, ಆಮೇಲೆ ನಾವು ತೋಟಕ್ಕೆ ಹೋಗುತ್ತೇವೆ. ಕಾರ್ಯದರ್ಶಿ ಕಡತದ ಮೇಲೆ ಹಾಕಿದ ಸಹಿ ಅಲ್ಲಿಯೇ ಇರುತ್ತದೆ. ಸರಿಯಾದ್ದನ್ನು ಬರೆದ ನೌಕರನ ಹಿಂದೆ ಆಡಳಿತ ಮಂಡಳಿ ಅದೇ ದಿನ ನಿಲ್ಲಬೇಕು, ನಿರ್ಣಯ ಪುಸ್ತಕದಲ್ಲಿ ಬರೆದು ನಿಲ್ಲಬೇಕು. ವರ್ಷಕ್ಕೊಮ್ಮೆ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟದ್ದು ಅದಕ್ಕೆ ಸಮ ಆಗುವುದಿಲ್ಲ.

ಈಗ ಪಿಗ್ಮಿಯವರ ವಿಷಯಕ್ಕೆ ಬರುತ್ತೇವೆ. ಪೈಗಳನ್ನು ಹೊಗಳುವ ಭರದಲ್ಲಿ ಇದನ್ನು ಮರೆಸಬಾರದು. ಎರಡಾಣೆ ಎತ್ತಿ ಬ್ಯಾಂಕನ್ನು ದೊಡ್ಡದು ಮಾಡಿದ ಪಿಗ್ಮಿ ಸಂಗ್ರಾಹಕರು ಬ್ಯಾಂಕಿನ ಖಾಯಂ ನೌಕರರಾಗಿರಲಿಲ್ಲ. ಕಮಿಷನಿನ ಮೇಲೆ ದುಡಿಯುವವರು. ಗುಮಾಸ್ತನಿಗೆ ಏಣಿ ಇತ್ತು, ಇವರಿಗೆ ಇರಲಿಲ್ಲ. ಪೈಗಳು ಬ್ಯಾಂಕು ಬಿಟ್ಟು ಹತ್ತು ವರ್ಷದ ಮೇಲೆ, 1980ರಲ್ಲಿ, ದೇಶದ ಬೇರೆ ಬೇರೆ ಬ್ಯಾಂಕುಗಳ ಇಂಥ ಸಂಗ್ರಾಹಕರ ವಿವಾದ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. 1988ರಲ್ಲಿ ತೀರ್ಪು ಬಂತು. ಬ್ಯಾಂಕುಗಳು ಒಪ್ಪದೆ ಮೇಲೆ ಮೇಲೆ ಹೋದವು. ಕೊನೆಗೆ 2001ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇವರೂ ಕಾರ್ಮಿಕರೇ ಎಂದು ಹೇಳಿತು. ನಿಗದಿಯಾದಷ್ಟು ಠೇವಣಿ ತಂದವರಿಗೆ ತಿಂಗಳಿಗೆ 750 ರೂಪಾಯಿ ಖಚಿತ ಆದಾಯ, ಓಡಾಟದ ಭತ್ಯೆ, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಕಮಿಷನಿನ ಲೆಕ್ಕದಲ್ಲಿ ಗ್ರಾಚ್ಯುಟಿ, ಇಷ್ಟು ಗಟ್ಟಿಯಾಯಿತು. ಆ ಮೊಕದ್ದಮೆಯ ಹೆಸರಿನಲ್ಲಿಯೇ ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರು ಎಂದು ಉಂಟು. ಇಪ್ಪತ್ತೊಂದು ವರ್ಷ ಕೋರ್ಟು ಅಲೆದು ಪಡೆದದ್ದು. ಅಷ್ಟರಲ್ಲಿ ಎಷ್ಟೋ ಮಂದಿಯ ಚೀಲ ಹೊರುವ ವಯಸ್ಸೇ ದಾಟಿತ್ತು.

ನೌಕರರಲ್ಲಿ ಅಷ್ಟು ನಂಬಿಕೆ ಇಟ್ಟ ಬ್ಯಾಂಕಿಗೂ ಈ ಒಂದು ವರ್ಗ ಕಾಣಲಿಲ್ಲ ಎಂದರೆ ಸಣ್ಣ ಸಂಘಗಳ ಮಾತು ಏನು ಹೇಳುವುದು. ಹತ್ತು ಜನ ನೌಕರರು ಇದ್ದರೆ ಮಾತ್ರ ಗ್ರಾಚ್ಯುಟಿ ಕಾನೂನು ಕಡ್ಡಾಯ. ನಮ್ಮಂಥ ಸಂಘದಲ್ಲಿ ಖಾಯಂ ಸಿಬ್ಬಂದಿ ಆರೇಳು ಜನ, ಪಿಗ್ಮಿಯವರು ಲೆಕ್ಕಕ್ಕೇ ಇಲ್ಲ. ಕಾನೂನು ಕೇಳುವುದಿಲ್ಲ ಎಂದು ನಾವೂ ಸುಮ್ಮನಿರಬಹುದು. ಆದರೆ ಜುಲೈ ತಿಂಗಳ ಮಳೆಯಲ್ಲಿ ಮೆಷಿನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು, ಪೆಟ್ರೋಲು ತಾವೇ ಹಾಕಿಕೊಂಡು, ಬಾಗಿಲಿಗೆ ಬಂದು ನಾಳೆ ಬಾ ಎಂದು ಹೇಳಿಸಿಕೊಂಡು ತಿರುಗುವವರನ್ನು ನಾವೆಲ್ಲ ದಿನಾ ನೋಡುತ್ತೇವೆ. ಇವತ್ತು ಮೊಬೈಲಿನಲ್ಲಿ ಹಣ ಕಳಿಸುವ ಕಾಲ ಬಂದು ಅವರ ಸಂಗ್ರಹವೂ ಮೊದಲಿನಷ್ಟು ಇಲ್ಲ.

ಟಿ. ಎ. ಪೈಗಳು 1981ರ ಮೇ 29ರಂದು ತೀರಿಕೊಂಡರು. ವಯಸ್ಸು ಐವತ್ತೊಂಬತ್ತು. ಅದರ ಹಿಂದಿನ ವರ್ಷವಷ್ಟೇ ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯನ್ನು ಹುಟ್ಟು ಹಾಕಿದ್ದರು, ಅದು ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ವಿಜಯಾ ಬ್ಯಾಂಕು ಅದಕ್ಕೆ ಒಂದು ವರ್ಷ ಮೊದಲೇ ಹೋಗಿತ್ತು, ಕಾರ್ಪೊರೇಷನ್ ಬ್ಯಾಂಕೂ ಉಳಿಯಲಿಲ್ಲ. ಬೋರ್ಡು ಬದಲಾಯಿತು. ಒಂದು ಕಾಲದಲ್ಲಿ ಇಪ್ಪತ್ತು ಬ್ಯಾಂಕಿನವರನ್ನು ಒಳಗೆ ಕರೆದುಕೊಂಡ ಬ್ಯಾಂಕಿನ ಸಿಬ್ಬಂದಿ ಈಗ ತಾವೇ ಇನ್ನೊಂದು ಬ್ಯಾಂಕಿನ ಒಳಗೆ ಹೋದರು. ಪಿಗ್ಮಿ ಎಂಬ ಹೆಸರು ಮಾತ್ರ ಯಾವ ಬೋರ್ಡಿನ ಹಂಗೂ ಇಲ್ಲದೆ ಊರೂರಿನ ಸಂಘಗಳಲ್ಲಿ ಉಳಿದಿದೆ.

ನಮ್ಮ ಸಂಘದ ಪಿಗ್ಮಿ ಸಂಗ್ರಾಹಕರಿಗೆ ವರ್ಷದ ಲಾಭದಲ್ಲಿ ಒಂದು ಪಾಲು ತೆಗೆದಿಟ್ಟು ನಿವೃತ್ತಿ ನಿಧಿ ಮಾಡುವ ವಿಷಯ, ಮತ್ತು ಮಳೆಗಾಲದ ನಾಲ್ಕು ತಿಂಗಳು ಪೆಟ್ರೋಲು ಭತ್ಯೆ ಕೊಡುವ ವಿಷಯ, ಎರಡನ್ನೂ ಈ ಸಲದ ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲಾಗಿದೆ. ಡಿವಿಡೆಂಡ್ ಘೋಷಣೆಗಿಂತ ಮೊದಲು ಚರ್ಚೆಗೆ ಬರುತ್ತದೆ. ಡಿವಿಡೆಂಡಿನಲ್ಲಿ ಸ್ವಲ್ಪ ಕಡಿಮೆಯಾಗಬಹುದು, ಅದನ್ನು ಈಗಲೇ ಹೇಳಿಬಿಡುತ್ತೇವೆ. ಸದಸ್ಯರು ಊಟದ ಹೊತ್ತಿಗೆ ಬಾರದೆ ಬೆಳಿಗ್ಗೆ ಹತ್ತೂವರೆಗೇ ಬಂದು ಕೂರಬೇಕಾಗಿ ವಿನಂತಿ.